ಸುಗಂಧಾ ಹಿಡಿದ ಮನೆಅಳಿಯ

ಉಗಾರ ಖುರ್ದದ ಬಾಜಾರಿನಲ್ಲಿ ಮೀನು ಹಸನು ಮಾಡುವುದರಲ್ಲಿ ಸುಗಂಧಾಳನ್ನು ಸರಿಗಟ್ಟುವವರು ಇರಲಿಲ್ಲ. ಹೊಟ್ಟೆ ಸೀಳುವುದು, ಕರುಳು ತೆಗೆಯುವುದು ಎಲ್ಲರಿಗೂ ಬರುತ್ತದೆ. ಅವಳ ಹೆಚ್ಚುಗಾರಿಕೆ ಇದ್ದದ್ದು ಆಮೇಲಿನ ಕೆಲಸದಲ್ಲಿ. ಮೀನಿನ ಹೊಟ್ಟೆಯೊಳಗೆ, ಬೆನ್ನೆಲುಬಿಗೆ ಅಂಟಿಕೊಂಡು, ಉದ್ದಕ್ಕೂ ಒಂದು ಕಪ್ಪುಗೆಂಪು ಪಟ್ಟಿ ಇರುತ್ತದೆ. ಬಾಜಾರಿನವರ ಬಾಯಲ್ಲಿ ಅದು ಕರಿ ರಕ್ತ. ಅದರ ಮೇಲಿನ ತೆಳು ಪೊರೆಯನ್ನು ಉಗುರಿನಿಂದ ಹರಿದು, ಹೆಬ್ಬೆರಳು ಒತ್ತಿ ಒಂದೇ ಎಳೆತಕ್ಕೆ ಕೆರೆದು, ಮೂರು ನೀರಿನಲ್ಲಿ ತೊಳೆದಳೆಂದರೆ ಒಳಗೆಲ್ಲ ತಿಕ್ಕಿದ ತಾಟಿನಂತೆ ಹೊಳೆಯುತ್ತಿತ್ತು. "ಕರಿ ರಕ್ತ ಉಳೀತಂದ್ರ ಸಾರು ಕಹಿ," ಎಂದು ತಾಯಿ ಅಕ್ಕುತಾಯಿ ಅವಳಿಗೆ ಹತ್ತರ ವಯಸ್ಸಿನಲ್ಲೇ ಕಲಿಸಿದ್ದಳು. ಸಕ್ಕರೆ ಕಾರ್ಖಾನೆಯ ಮನೆಗಳ ಹೆಂಗಸರು ಡಬ್ಬಿ ತೆರೆದು ಬೆನ್ನೆಲುಬು ನೋಡಿಯೇ, "ಇದು ಸುಗಂಧಾನ ಕೈ," ಎಂದು ಗುರುತು ಹಿಡಿಯುತ್ತಿದ್ದರು. ಅವಳಿಗೂ ಅದರ ಹೆಮ್ಮೆ ಬಹಳ. ಆ ಹೆಮ್ಮೆಯೇ ಒಂದು ದಿನ ಅವಳ ಮೇಲೆ ಕಳ್ಳಿ ಎಂಬ ಹೆಸರು ಬರುವಂತೆ ಮಾಡಿತು. ಆ ಹೆಸರನ್ನು ಅವಳು ಹೇಗೆ ಕೆರೆದು ತೆಗೆದಳು ಎಂಬುದನ್ನೇ ಇಲ್ಲಿ ಹೇಳಬೇಕಾದದ್ದು.

ಗಂಡ ಭರಮು ನಿಪ್ಪಾಣಿ ಕಡೆಯ ಅಕ್ಕೋಳದವನು. ಅಕ್ಕುತಾಯಿಗೆ ಒಬ್ಬಳೇ ಮಗಳು, ಗಂಡ ತೀರಿಕೊಂಡಿದ್ದ. ಹಾಗಾಗಿ 2001ರಲ್ಲಿ ಲಗ್ನವಾದಾಗ ಭರಮುವೇ ಟ್ರಂಕು ಹೊತ್ತುಕೊಂಡು ಅತ್ತೆಯ ಮನೆಗೆ ಬಂದ. ಮನೆಅಳಿಯ! ಗಡಿ ಸೀಮೆಯಲ್ಲಿ ಈ ಮಾತನ್ನು ಕನ್ನಡದಲ್ಲಿ ಹೇಳಿದರೂ ನಗುತ್ತಾರೆ, ಮರಾಠಿಯಲ್ಲಿ ಹೇಳಿದರೂ ನಗುತ್ತಾರೆ. ಜೊತೆಯಲ್ಲಿ ಕಬ್ಬಿನ ಟ್ರ್ಯಾಕ್ಟರ್ ಓಡಿಸುವವರು, "ಏನ್ಪಾ ಘರಜಾವಯಿ, ಇವತ್ತ ಅತ್ತಿ ಏನ ಉಣಿಸಿದ್ಲು?" ಎಂದು ಕೆಣಕಿದರೆ ಭರಮು, "ನಿಮ್ಮ ಹೆಂಡ್ತಿ ಉಣಿಸಿದ್ದಕ್ಕಿಂತ ಚೊಲೊ," ಎಂದು ಹಲ್ಲು ಕಿರಿಯುತ್ತಿದ್ದ. ಸಿಟ್ಟು ಎಂಬುದು ಅವನ ಮೈಯಲ್ಲೇ ಇರಲಿಲ್ಲ. ಅಕ್ಕುತಾಯಿ ಮಾತ್ರ ಓಣಿಯವರ ಮುಂದೆ ದೂರುತ್ತಿದ್ದಳು: "ಇವಗ ಬೈದ್ರ ಮಗಳ ಮಾರಿ ಸಣ್ಣದಾಗತೈತಿ. ಹೊರಗ ಹಾಕಿದ್ರ ಮಗಳೂ ಬೆನ್ನ ಹಿಂದ ಹೊಕ್ಕಾಳ. ಮನಿ ಅಳ್ಯಾಗ ಹೊಡದ್ರ ಪೆಟ್ಟು ಮನಿಗೇ ಬೀಳತೈತಿ ನೋಡ್ರಿ." ಹೀಗೆಂದು ಅವನ ತಾಟಿಗೆ ಇನ್ನೊಂದು ಭಕ್ಕರಿ ಹಾಕುವವಳೂ ಅವಳೇ.

ಊರ ಹೊರಗೆ ಕೃಷ್ಣಾ ನದಿಯ ಬದಿಗೆ ಮುರಗೆಪ್ಪ ಸಾವುಕಾರನ ಕಬ್ಬಿನ ಹೊಲ. ವರ್ಷಗಟ್ಟಲೆ ಮಿತಿಯಿಲ್ಲದೆ ನೀರು ಹರಿಸಿ ಅದರ ಒಂದು ತುಂಡಿಗೆ ಸವಳು ಹತ್ತಿತು. ನೆಲದ ಮೇಲೆ ಉಪ್ಪು ಬೆಳ್ಳಗೆ ಎದ್ದು, ಕಬ್ಬು ಮೊಣಕಾಲೆತ್ತರಕ್ಕೇ ಮುನಿಸಿಕೊಂಡು ನಿಂತಿತು. ಅಂಥ ನೆಲದಲ್ಲಿ ಮೀನು ಸಾಕಬಹುದೆಂದು ಕೇಳಿ 2010ರಲ್ಲಿ ಅವನು ಎರಡು ಹೊಂಡ ತೋಡಿಸಿ ಪಂಗಾಸ ಮೀನಿನ ಮರಿ ಬಿಡಿಸಿದ. ಮೀಸೆಯುಳ್ಳ, ಹುರುಪೆಯಿಲ್ಲದ, ಬೇಗ ಬೆಳೆಯುವ ಮೀನು ಅದು. ತಮಾಷೆಯೆಂದರೆ ಮುರಗೆಪ್ಪ ಕೊರಳಲ್ಲಿ ಲಿಂಗ ಕಟ್ಟಿದವನು. ಅವನ ಮನೆಯಲ್ಲಿ ಯಾರೂ ಎಂದೂ ಮೀನು ತಿಂದವರಲ್ಲ, ಮುಟ್ಟಿದವರೂ ಅಲ್ಲ. ಹೊಂಡದಿಂದ ಬಂದ ಗಂಡ ಹಿತ್ತಲಲ್ಲಿ ಸ್ನಾನ ಮಾಡದೆ ಹೊಸ್ತಿಲು ದಾಟುವಂತಿಲ್ಲ ಎಂದು ಹೆಂಡತಿ ಚನ್ನವ್ವ ಕಟ್ಟಪ್ಪಣೆ ಮಾಡಿದ್ದಳು. ಮೀನು ಕಂಡರೆ ಮೂಗಿಗೆ ಟಾವೆಲು ಹಿಡಿಯುವ ಮನುಷ್ಯ ಮೀನು ಸಾಕಲು ಹೊರಟರೆ ಕೈ ಯಾರದಾಗಬೇಕು? ಸುಗಂಧಾಳದಾಯಿತು. ಮುರಗೆಪ್ಪ ಮೇವಿನ ಖೋಲಿಯ ಕೀಲಿಯನ್ನು ಅವಳ ಕೈಗೆ ಕೊಟ್ಟು, "ಇನ್ನ ಮ್ಯಾಲ ಇದು ನಿಂದ," ಎಂದ.

ಬಾಜಾರಿನ ಬದಿಯಲ್ಲಿ ಗೋಣಿಚೀಲ ಹಾಸಿ ಕುಳಿತು ಬೆಳೆದವಳಿಗೆ ಆ ಕೀಲಿ ಎಷ್ಟು ದೊಡ್ಡದೆಂದು ಬಿಡಿಸಿ ಹೇಳಬೇಕಿಲ್ಲ. ಸಾವುಕಾರರ ಮನೆಯ ಒಂದು ಕೀಲಿ ತಮ್ಮ ಓಣಿಯ ಹೆಂಗಸಿನ ಸೊಂಟಕ್ಕೆ ಬಂದದ್ದು ಅದೇ ಮೊದಲು. ಸುಗಂಧಾ ಅದನ್ನು ಕಪ್ಪು ದಾರಕ್ಕೆ ಪೋಣಿಸಿ ಸಿಕ್ಕಿಸಿಕೊಂಡಳು; ಮಲಗುವಾಗಲೂ ಬಿಚ್ಚಲಿಲ್ಲ. ಎರಡು ವರ್ಷ ಹೊಂಡ ಚೆನ್ನಾಗಿ ನಡೆಯಿತು. ಅವಳ ಹೆಜ್ಜೆಯ ಸಪ್ಪಳಕ್ಕೇ ಮೀನುಗಳು ದಂಡೆಗೆ ಬಂದು ಬಾಯಿ ಬಿಡುತ್ತಿದ್ದವು.

2012ರ ಅಕ್ಟೋಬರ್, ಚಳಿ ಶುರುವಾಗುವ ಹೊತ್ತು. ಒಂದು ಬೆಳಿಗ್ಗೆ ಮೀನುಗಳು ಮೇವಿಗೆ ಬರಲಿಲ್ಲ. ಕೆಲವು ನೀರಿನ ಮೇಲೆ ತಲೆ ಮಾಡಿ ನಿಂತಿದ್ದವು, ಕೆಲವು ನಿಂತಲ್ಲೇ ಗಿರಗಿರ ಸುತ್ತುತ್ತಿದ್ದವು. ಮೂರನೆಯ ದಿನಕ್ಕೆ ಬಿಳಿ ಹೊಟ್ಟೆಗಳು ತೇಲಿದವು. ಮೀನುಗಾರಿಕೆಯ ಸಲಹೆಗಾರನೊಬ್ಬ ಬಂದು ಔಷಧಿಯ ಪುಡಿ ಬರೆದುಕೊಟ್ಟ: ಎಣ್ಣೆಯಲ್ಲಿ ಕಲಸಿ, ಮೇವಿಗೆ ಸವರಿ, ನೆರಳಿನಲ್ಲಿ ಆರಿಸಿ ಹತ್ತು ದಿನ ಹಾಕಬೇಕು. ಸುಗಂಧಾ ಹೇಳಿದ್ದಕ್ಕೆ ಕೂದಲೆಳೆಯಷ್ಟೂ ತಪ್ಪದಂತೆ ಹಾಕಿದಳು. ಸಾವು ನಿಂತಿತು. ಮೀನುಗಳು ಮತ್ತೆ ದಂಡೆಗೆ ಬಂದವು. ಎರಡು ವಾರ ಕಳೆಯಿತು, ಮತ್ತೆ ಬಿಳಿ ಹೊಟ್ಟೆ. ಮತ್ತೆ ಹತ್ತು ದಿನ ಔಷಧಿ, ಮತ್ತೆ ಗುಣ, ಮತ್ತೆ ಎರಡು ವಾರಕ್ಕೆ ಸಾವು.

ಮುರಗೆಪ್ಪ ತಲೆ ಕೆರೆದುಕೊಂಡು, ಕರಾವಳಿಯ ಮೀನುಗಾರಿಕೆ ಕಾಲೇಜೊಂದಕ್ಕೆ ಎರಡು ಮೀನು ಪರೀಕ್ಷೆಗೆ ಕಳಿಸಲು ನಿಶ್ಚಯಿಸಿದ. ಮೀನು ಬಸ್ ನಿಲ್ದಾಣದವರೆಗೆ ಅವನ ಜೀಪಿನಲ್ಲೇ ಹೋಗಬೇಕು. "ಸುಗಂಧಾ, ಪೂರಾ ಹಸನ ಮಾಡಿ ಕೊಡು. ನಮ್ಮ ಗಾಡ್ಯಾಗ ರಕ್ತ ಹನಿಬಾರ್ದು. ಮತ್ತ ಸಾಹೇಬ್ರ ಮುಂದ ಹೊಲಸು ಇಡಾಕ ಬರತೈತೇನು?" ಎಂದ. ಸುಗಂಧಾಗೂ ಅದು ಸರಿಯೇ ಅನಿಸಿತು. ಕಾಲೇಜಿನ ದೊಡ್ಡವರು ನೋಡುವ ಮೀನು! ಅವತ್ತು ಅವಳು ತನ್ನ ಜೀವಮಾನದ ವಿದ್ಯೆಯನ್ನೆಲ್ಲ ಸುರಿದಳು. ಕರುಳು ತೆಗೆದಳು, ಕಿವಿರು ಕಿತ್ತಳು, ಕರಿ ರಕ್ತವನ್ನು ಬೆನ್ನೆಲುಬು ಬಿಳಿ ಬೀಳುವ ತನಕ ಕೆರೆದಳು. ಮೂರರ ಬದಲು ಐದು ನೀರಿನಲ್ಲಿ ತೊಳೆದು, ಮೇಲೆ ಅರಿಶಿನ ಹಚ್ಚಿ, ಬರ್ಫದಲ್ಲಿ ಇಟ್ಟು ಡಬ್ಬಿ ಮುಚ್ಚಿದಳು. ಚನ್ನವ್ವ ಕೂಡ, "ವಾಸನಿ ಇಲ್ಲ ಬಿಡ," ಎಂದು ಮೆಚ್ಚಿದಳಂತೆ.

ಡಿಸೆಂಬರ್ ಮೊದಲ ವಾರದಲ್ಲಿ ಕಾಗದ ಬಂತು. ರೋಗಾಣು ಕಂಡುಬಂದಿಲ್ಲ.

ಮುರಗೆಪ್ಪ ಆ ಕಾಗದ ಹಿಡಿದುಕೊಂಡು ನೆಟ್ಟಗೆ ಹೊಂಡಕ್ಕೆ ಬಂದ. ಬಲೆ ಎಳೆಯಲು ಬಂದಿದ್ದ ಏಳೆಂಟು ಆಳುಗಳು ದಂಡೆಯ ಮೇಲೆ ಚಹಾ ಕುಡಿಯುತ್ತಿದ್ದರು.

"ರೋಗ ಇಲ್ಲಂತ ಕಾಗದ ಹೇಳತೈತಿ," ಎಂದ. "ರೋಗ ಇಲ್ಲಂದ ಮ್ಯಾಲ ಮೀನ ಯಾಕ ಸಾಯ್ತಾವ? ಔಷಧಿ ಹಾಕಿದ್ರ ಯಾಕ ಸಾಯ್ತಾವ? ಆ ಮೇವು ಎಲ್ಲಿಗಿ ಹೋತು ಸುಗಂಧಾ?"

"ಹೊಂಡಕ್ಕ ಹೋತ್ರಿ ಸಾವುಕಾರ್ರ. ಒಂದ ಹಿಡಿ ಆಚಿಗಿ ಹೋಗಿಲ್ರಿ."

"ನಿಮ್ಮ ಮನಿ ಕೋಳಿ ಭಾಳ ದಪ್ಪ ಆಗ್ಯಾವಂತ, ಮಂದಿ ಮಾತಾಡಾಕತ್ತಾರ."

ಆಳುಗಳಲ್ಲಿ ಯಾರೋ ಕಿಸಕ್ಕೆಂದ. ಸುಗಂಧಾಳ ಕಿವಿ ಕೆಂಪಾಯಿತು. ಕಳ್ಳಿ ಎಂದು ಅವನು ಬಾಯಿಬಿಟ್ಟು ಅನ್ನಲಿಲ್ಲ, ಅನ್ನದೇ ಉಳಿಸಿದ್ದೂ ಏನಿಲ್ಲ. "ಸಂಕ್ರಮಣದ ದಿನ ಕೀಲಿ ತಂದ ಕೊಡು. ಅಷ್ಟರಾಗ ಬ್ಯಾರೆ ಮಂದಿ ನೋಡ್ತೇನಿ," ಎಂದು ಕಾಗದ ಬಿಸಾಡಿ ಜೀಪು ಹತ್ತಿದ.

ಮನೆಗೆ ಬಂದು ಅವಳು ಅತ್ತಳು ಎಂದರೆ ಸುಳ್ಳಾಗುತ್ತದೆ. ಮೈಯೆಲ್ಲ ಉರಿಯುತ್ತಿತ್ತು, ಕಣ್ಣಿಗೆ ನೀರು ಬರಲಿಲ್ಲ. ಕೆಲಸ ಹೋದರೆ ಬಾಜಾರಿನಲ್ಲಿ ಗೋಣಿಚೀಲ ಇದ್ದೇ ಇದೆ. ಹೆಸರು ಹೋದರೆ ಆ ಗೋಣಿಚೀಲದ ಮುಂದೆ ಯಾರು ಬಂದು ನಿಲ್ಲುತ್ತಾರೆ? ಅಕ್ಕುತಾಯಿ ಆ ಕ್ಷಣವೇ ಹೋಗಿ ಸಾವುಕಾರನ ಅಂಗಳದಲ್ಲಿ ನಿಂತು ಬೈದು ಬರುತ್ತೇನೆಂದು ಸೆರಗು ಸಿಕ್ಕಿಸಿದಳು. ಭರಮು ಬಾಗಿಲಿಗೆ ಅಡ್ಡ ನಿಂತ. ಈ ಗದ್ದಲದ ನಡುವೆ ಸುಗಂಧಾ ಸಾವುಕಾರ ಬಿಸಾಡಿ ಹೋಗಿದ್ದ ಕಾಗದವನ್ನು ಬಿಡಿಸಿ ಕುಳಿತಳು. ಏಳನೆಯ ಇಯತ್ತೆ ಕಲಿತವಳು, ನಿಧಾನವಾಗಿ ಓದಿದಳು. ಅದರಲ್ಲಿ ಒಂದು ಸಾಲು: ಪರೀಕ್ಷಿಸಿದ ಭಾಗ, ಮಾಂಸ ಮಾತ್ರ. ಕೆಳಗೆ ಸಹಿ, ಫೋನ್ ನಂಬರು. ಮಾಂಸ ಮಾತ್ರ ಅಂದರೇನು? ಮೀನಿನಲ್ಲಿ ನೋಡಲು ಇನ್ನೇನಿತ್ತು? ಮರುದಿನ ಬೆಳಿಗ್ಗೆ ಭರಮುನ ಮೊಬೈಲಿನಿಂದ ಆ ನಂಬರಿಗೆ ಹಚ್ಚಿದಳು.

ಫೋನ್ ಎತ್ತಿದವಳು ಪೂನಮ, ಆ ಕಾಲೇಜಿನಲ್ಲಿ ಮೀನಿನ ರೋಗಗಳ ಮೇಲೆ ಸಂಶೋಧನೆ ಮಾಡುತ್ತಿದ್ದ ಹುಡುಗಿ. ಸುಗಂಧಾಳ ಮಾತು ಕಿವಿಗೆ ಬಿದ್ದದ್ದೇ ತಡ, "ಅಕ್ಕಾ, ನೀವು ನಮ್ಮ ಕಡಿಯವ್ರು! ನಾ ರಾಯಬಾಗದಾಕಿ," ಎಂದಳು. ಆಮೇಲೆ ನಕ್ಕು, "ಆ ಅರಿಶಿಣಾ ಹಚ್ಚಿದ ಮೀನೇನು? ಅದನ್ನ ಅಷ್ಟ ಚಂದ ತೊಳದವ್ರು ಯಾರ್ರಿ?" ಎಂದು ಕೇಳಿದಳು.

"ನಾನ ತೊಳದೇನ್ರಿ."

"ಅಕ್ಕಾ, ನೀವು ರೋಗಾನ ತೊಳದ ಕಳಿಸೀರಿ. ನಮಗ ಬೇಕಾಗಿದ್ದು ಕಿಡ್ನಿ. ಮೀನಿಗೆ ಕಿಡ್ನಿ ಬೆನ್ನೆಲುಬಿಗೆ ಹತ್ತಿರತೈತಿ, ಉದ್ದಕ ಕರಿ ಪಟ್ಟಿ ಹಂಗ."

ಸುಗಂಧಾ ತನ್ನ ಹೆಬ್ಬೆರಳು ನೋಡಿಕೊಂಡಳು. ಇಪ್ಪತ್ತೈದು ವರ್ಷ ರಕ್ತವೆಂದು ಕೆರೆದು ಬಿಸಾಡಿದ್ದು ಒಂದು ಅಂಗ! ತಾನು ಕಳ್ಳಿಯಲ್ಲ ಎಂಬ ಸಾಕ್ಷಿಯನ್ನು ತನ್ನ ಹೆಬ್ಬೆರಳಿನಿಂದಲೇ ಕೆರೆದು ಚರಂಡಿಗೆ ಚೆಲ್ಲಿ, ಮೇಲೆ ಅರಿಶಿನ ಬೇರೆ ಹಚ್ಚಿದ್ದಳು. ಅಷ್ಟರಲ್ಲಿ ಅವಳ ಬೆರಳಿಗೇ ಏನೋ ನೆನಪಾಯಿತು.

"ಮೇಡಮ್ಮಾರ, ಒಂದ ಮಾತ್ರಿ. ಚೊಲೊ ಮೀನಿಂದು ಆ ಕರಿ ರಕ್ತ ಮೆತ್ತಗ ಇರತೈತ್ರಿ. ಈ ಸಾಯೂ ಮೀನಿಂದು ಹಂಗಲ್ರಿ. ಹೆಬ್ಬಟ್ಟಿಗಿ ರವಾ ಹತ್ತಿದಂಗ ಹತ್ತತೈತಿ. ಸಣ್ಣ ಸಣ್ಣ ಬಿಳೇ ಕಾಳು."

ಆ ಕಡೆಯಿಂದ ನಗು ನಿಂತಿತು. "ಏನಂದ್ರಿ? ಇನ್ನೊಮ್ಮೆ ಹೇಳ್ರಿ," ಎಂದಳು ಪೂನಮ.

ತಂಗಿಯ ಲಗ್ನಕ್ಕೆಂದು ಪೂನಮ ಮುಂದಿನ ವಾರ ರಾಯಬಾಗಕ್ಕೆ ಬರುವವಳಿದ್ದಳು. ಮೆಹಂದಿ ಹಚ್ಚಿದ ಕೈಯಲ್ಲೇ ಬಣ್ಣದ ಬಾಟಲಿ, ಗಾಜಿನ ಪಟ್ಟಿಗಳನ್ನು ಹಿಡಿದು ಚಿಕ್ಕೋಡಿಗೆ ಬಂದಳು. ಅಲ್ಲಿ ಅವಳ ಪರಿಚಯದ ಧೂಳಪ್ಪನ ರಕ್ತ ತಪಾಸಣೆಯ ಅಂಗಡಿ, ಅದರಲ್ಲಿ ಒಂದು ಸೂಕ್ಷ್ಮದರ್ಶಕ. ಸುಗಂಧಾ ಮತ್ತು ಭರಮು ಮುಚ್ಚಳದ ಕ್ಯಾನಿನಲ್ಲಿ ರೋಗದ ಜೀವಂತ ಮೀನು ತಂದರು. ಬಸ್ಸಿನಲ್ಲಿ ಕಂಡಕ್ಟರ್ ಕ್ಯಾನಿನೊಳಗೆ ಏನೆಂದು ಕೇಳಿದ್ದಕ್ಕೆ ಭರಮು, "ಪೇಶಂಟ್ ಅದಾರ್ರಿ," ಎಂದಿದ್ದ. ಸಕ್ಕರೆ ಕಾಯಿಲೆ ತೋರಿಸಲು ಬಂದು ಕುಳಿತವರು ಕ್ಯಾನಿನೊಳಗೆ ಬಗ್ಗಿ ನೋಡಿ ಬದಿಗೆ ಸರಿದು ಜಾಗ ಬಿಟ್ಟರು.

ಹೊಟ್ಟೆ ಸೀಳಿದ್ದು ಸುಗಂಧಾ. ಬೆನ್ನೆಲುಬಿನ ಪಟ್ಟಿ ಊದಿಕೊಂಡು, ಮೈತುಂಬ ಬಿಳಿ ಕಾಳು. ಅವಳ ಹೆಬ್ಬೆರಳು ರೂಢಿಯಂತೆ ಕೆರೆಯಲು ಹೋಯಿತು, ಪೂನಮ ತಟ್ಟನೆ ಕೈ ಹಿಡಿದಳು. "ಉಜ್ಜಬ್ಯಾಡ್ರಿ ಅಕ್ಕಾ. ಒಂದ ಚೂರು ಕೊಯ್ದು, ಗಾಜಿಗೆ ಹಗೂರಕ ಒತ್ತಿ ಎತ್ರಿ. ಹಣಿಗಿ ಕುಂಕಮಾ ಹಚ್ಚಿದಂಗ." ಗಾಜು ಆರಿತು, ಬಣ್ಣ ಏರಿತು. ಪೂನಮ ನೋಡಿ, ಸರಿದು, ಸುಗಂಧಾಳನ್ನು ಕೂರಿಸಿದಳು.

ಮೊದಲು ಮಸುಕು. ಆಮೇಲೆ ದುಂಡನೆಯ ದೊಡ್ಡ ಕೋಶವೊಂದು ಕಂಡಿತು; ಅದರ ಒಳಗೆ ಜೀರಿಗೆಯಂಥ ನೇರಳೆ ಕಡ್ಡಿಗಳು ಕಿಕ್ಕಿರಿದಿದ್ದವು.

"ಅದು ಮೀನಿನ ಮೈಯಾಗಿನ ಕಾವಲಿನ ಕೋಶ," ಎಂದಳು ಪೂನಮ. "ರೋಗಾಣು ಕಂಡ್ರ ನುಂಗತೈತಿ. ನುಂಗಿ ಒಂದ ಸಣ್ಣ ಚೀಲದಾಗ ಹಾಕಿ, ಹುಳಿ ಸುರದು ಕರಗಿಸಿಬಿಡತೈತಿ. ಬ್ಯಾರೆ ರೋಗಾಣು ಆದ್ರ ಅಲ್ಲೇ ಮುಗೀತು. ಎಡ್ವರ್ಡ್ಸಿಯೆಲ್ಲಾ ಅನ್ನೂ ಈ ರೋಗಾಣು ಮಾತ್ರ ಹುಳಿ ಏರದಂಗ ನೋಡ್ಕೊಂಡು, ಆ ಚೀಲದಾಗ ಆರಾಮ ಕುಂತು ಮರಿ ಹಾಕತೈತಿ."

"ಹೆಸರೇ ಎಡವಟ್ಟ ಐತಲ್ರಿ," ಎಂದ ಭರಮು.

"ಮತ್ತ ಔಷಧಿ ರೀ?" ಕಣ್ಣು ಕೀಳದೆಯೇ ಸುಗಂಧಾ ಕೇಳಿದಳು. ಅವಳಿಗೆ ಬೇಕಾಗಿದ್ದು ಇದೊಂದೇ.

"ಔಷಧಿ ಹೊರಗಿದ್ದವನ್ನ ಕೊಲ್ಲತೈತಿ. ಅದಕ್ಕ ಮೀನ ಗುಣಾ ಆಗತಾವ. ಕೋಶದ ಒಳಗ ಸಾಕಾಗೂ ಅಷ್ಟು ಮುಟ್ಟೂದಿಲ್ಲ. ಔಷಧಿ ನಿಂತ ಮ್ಯಾಲ ಒಳಗಿನವು ಕೋಶ ಒಡದು ಹೊರಗ ಬರತಾವ, ಮತ್ತ ಶುರು."

ಸುಗಂಧಾ ತಲೆ ಎತ್ತಿದಳು. ಎರಡು ತಿಂಗಳ ಕಗ್ಗಂಟು ಒಂದೇ ಎಳೆತಕ್ಕೆ ಬಿಚ್ಚಿತ್ತು. ತಾನು ಹಾಕಿದ ಔಷಧಿ ಹೋಗಬೇಕಾದಲ್ಲಿಗೇ ಹೋಗಿತ್ತು. ಬಾಗಿಲ ಹೊರಗೆ ನಿಂತಿತ್ತು, ಅಷ್ಟೇ. "ತಿಳೀತ ಬಿಡ್ರಿ," ಎಂದಳು. "ಹೊರಗಿಂದ ಬಂದಾನ, ಮನಿಯವ್ರ ಒಳಗ ಕರದು ಕುಂಡ್ರಿಸ್ಯಾರ, ಅವರ ಅನ್ನಾ ತಿಂದು ದಪ್ಪಗ ಆಗ್ಯಾನ, ಹೊಡದ್ರ ಮನಿಗೇ ಪೆಟ್ಟು. ಇಂವಾ ಮನಿ ಅಳ್ಯಾ ಆಗ್ಯಾನ್ರಿ!"

ಸಕ್ಕರೆ ಕಾಯಿಲೆಯವರೆಲ್ಲ ಘೊಳ್ಳೆಂದರು. ಎಲ್ಲರಿಗಿಂತ ಜೋರಾಗಿ ನಕ್ಕವನು ಭರಮು. ಪೂನಮ ತನ್ನ ಟಿಪ್ಪಣಿ ಪುಸ್ತಕದಲ್ಲಿ ಆ ಮಾತನ್ನು ಬರೆದುಕೊಂಡಳು.

ಮುರಗೆಪ್ಪ ಅಷ್ಟು ಸುಲಭಕ್ಕೆ ಬಗ್ಗುವ ಆಸಾಮಿಯಲ್ಲ. ಪೂನಮ ಕಳಿಸಿದ ಫೋಟೋವನ್ನು ಮೊಬೈಲಿನಲ್ಲಿ ದೂರ ಹಿಡಿದು, ಹತ್ತಿರ ಹಿಡಿದು ನೋಡಿದ. "ಗಾಜಿನ್ಯಾಗ ಏನ್ ಬೇಕಾದ್ದು ತೋರಸ್ತಾರ. ಔಷಧಿ ಸರೀ ಹಾಕಿದ್ರ ರೋಗ ಉಳೀತಿರಲಿಲ್ಲ," ಎಂದ.

"ಹಂಗಾದ್ರ ನೀವ ಹಾಕ್ರಿ," ಎಂದಳು ಸುಗಂಧಾ.

"ಏನು?"

"ಈ ಸಲ ಪುಡಿ ನೀವ ಕಲಸ್ರಿ, ಮೇವು ನೀವ ಒಗೀರಿ. ಹತ್ತ ದಿನ. ಕೀಲಿ ನಿಮ್ಮ ಕಡೀನ ಇರ್ಲಿ." ಸೊಂಟದ ಕೀಲಿ ಬಿಚ್ಚಿ ದಂಡೆಯ ಕಲ್ಲಿನ ಮೇಲೆ ಇಟ್ಟಳು. "ಆಮ್ಯಾಲ ಎರಡ ವಾರ ಕಾಯ್ರಿ. ಮೀನ ಸಾಯಲಿಲ್ಲಂದ್ರ ನಾ ಕಳ್ಳಿ, ಇಡೀ ಉಗಾರದ ಮುಂದ ಒಪ್ಕೋತೇನಿ. ಸತ್ರ, ಯಾರ ಮುಂದ ಕೋಳಿ ಮಾತ ಆಡಿದ್ರಿ, ಅವರ ಮುಂದನ ಆ ಮಾತ ಹಿಂದ ತಗೋಬೇಕ್ರಿ."

ಸಾವುಕಾರನ ಮುಂದೆ ಇಂಥ ಮಾತನ್ನು ಆ ಓಣಿಯವರು ಆಡಿದ್ದು ಕಡಿಮೆ. ಮುರಗೆಪ್ಪ ಕಲ್ಲಿನ ಮೇಲಿನ ಕೀಲಿ ನೋಡಿದ, ಅವಳ ಮುಖ ನೋಡಿದ. ಮನುಷ್ಯ ಹಟಮಾರಿ, ಆದರೆ ಮೋಸಗಾರನಲ್ಲ. ಕೀಲಿ ಎತ್ತಿಕೊಂಡ.

ಡಿಸೆಂಬರ್ ಇಪ್ಪತ್ತರಿಂದ ಹತ್ತು ದಿನ ಉಗಾರದವರಿಗೆ ಪುಕ್ಕಟೆ ಮೋಜು. ಮುರಗೆಪ್ಪ ಸಾವುಕಾರ ಮೂಗಿಗೆ ಟಾವೆಲು ಸುತ್ತಿ, ಮೊಣಕೈತನಕ ಎಣ್ಣೆ ಮಾಡಿಕೊಂಡು ಮೀನಿನ ಮೇವು ಕಲಸುವುದನ್ನು ನೋಡಲಿಕ್ಕೆಂದೇ ಜನ ದಾರಿ ಬದಲಿಸಿ ಬಂದರು. ಸುಗಂಧಾ ಮೇವಿನ ಖೋಲಿಯ ಹೊಸ್ತಿಲನ್ನೂ ತುಳಿಯಲಿಲ್ಲ. ನಾಲ್ಕನೆಯ ದಿನ ಸಾವು ನಿಂತಿತು. ಹತ್ತನೆಯ ದಿನ ಮೀನುಗಳು ಸಾವುಕಾರ ಒಗೆದ ಮೇವಿಗೆ ಮುಗಿಬಿದ್ದವು.

"ಕಂಡ್ಯಾ?" ಎಂದ ಅವನು, ಟಾವೆಲಿನ ಹಿಂದೆಯೇ ಮೀಸೆ ತಿರುವಿ. "ಹಾಕೂ ಹಂಗ ಹಾಕಬೇಕು."

ಸುಗಂಧಾ ಹೊಂಡದ ದಂಡೆಗೆ ಇಳಿದಳು. ಲವಲವಿಕೆಯಿಂದ ಈಜುತ್ತಿದ್ದ ಒಂದು ಮೀನನ್ನು ಹಿಡಿದಳು, ಪೂನಮ ಕಲಿಸಿದ ಹಾಗೆ ಒಂದು ಚೂರನ್ನು ಗಾಜಿಗೆ ಒತ್ತಿದಳು. ಪೂನಮ ಕಾಲೇಜಿಗೆ ಮರಳಿದ್ದಳು. ಹಾಗಾಗಿ ಸುಗಂಧಾ ಸಾವುಕಾರನ ಜೀಪಿನಲ್ಲೇ ಚಿಕ್ಕೋಡಿಗೆ ಹೋದಳು. ಧೂಳಪ್ಪ ಬಣ್ಣ ಏರಿಸಿ ಸೂಕ್ಷ್ಮದರ್ಶಕದ ಕೆಳಗೆ ಇಟ್ಟ. ಮುರಗೆಪ್ಪ ಲಿಂಗವನ್ನು ಅಂಗಿಯೊಳಗೆ ಸೇರಿಸಿ, ಒಂದು ಕಣ್ಣು ಮುಚ್ಚಿ ಬಗ್ಗಿದ. ಹೊರಗೆಲ್ಲ ಬಯಲು, ಒಂದು ಕಡ್ಡಿಯೂ ಇಲ್ಲ. ಆದರೆ ಅಲ್ಲೊಂದು ಇಲ್ಲೊಂದು ಕೋಶದ ಹೊಟ್ಟೆಯಲ್ಲಿ ನೇರಳೆ ಜೀರಿಗೆ. ಅವನು ಬಹಳ ಹೊತ್ತು ತಲೆ ಎತ್ತಲಿಲ್ಲ.

"ಅದಾವ ಖರೆ," ಎಂದ ಕೊನೆಗೆ. "ಸುಮ್ಮನ ಕುಂತಾವು. ಏಳತಾವಂತ ಏನ ಗ್ಯಾರಂಟಿ?"

"ಸಂಕ್ರಮಣದ ಒಳಗ ಏಳತಾವ್ರಿ."

ಹೇಳಿ ಬಂದಳು, ನಿಜ. ಆದರೆ ಆ ಎರಡು ವಾರ ಅವಳ ಪಾಡು ಯಾರಿಗೂ ಬೇಡ. ಮರಿಯಿಂದ ಸಾಕಿದ ಮೀನುಗಳು ಸಾಯಲಿ ಎಂದು ಯಾವ ಬಾಯಿಂದ ಬೇಡಿಕೊಳ್ಳುವುದು? ಸಾಯದಿದ್ದರೆ ತಾನು ಜನ್ಮವಿಡೀ ಕಳ್ಳಿ. ಬೆಳಿಗ್ಗೆ ದಂಡೆಗೆ ಹೋಗಿ ನೀರು ನೋಡುವಳು. ಎಲ್ಲ ಚೆನ್ನಾಗಿದ್ದರೆ ಸಂತೋಷಪಟ್ಟು, ಆ ಸಂತೋಷಕ್ಕೇ ಹೆದರುವಳು. ಅನ್ನ ಸೇರಲಿಲ್ಲ. ಭರಮು ಮಾತ್ರ ದಿನಾ ಒಂದೇ ಮಾತು ಹೇಳಿದ: "ಮನಿ ಅಳ್ಯಾ ಎಲ್ಲಿಗೂ ಹೋಗೂದಿಲ್ಲ ಬೇ. ನನ್ನ ನೋಡು."

ಭೋಗಿಯ ದಿನ, ಸಂಕ್ರಮಣಕ್ಕೆ ಒಂದು ದಿನ ಮುಂಚೆ, ಮುರಗೆಪ್ಪ ಎಳ್ಳು ಹಚ್ಚಿದ ಸಜ್ಜಿ ರೊಟ್ಟಿ ತಿಂದು ಹೊಂಡಕ್ಕೆ ಬಂದ. ಸುಗಂಧಾ ಆಗಲೇ ದಂಡೆಯ ಮೇಲೆ ಕುಳಿತಿದ್ದಳು. ನೀರಿನ ಮೇಲೆ ಮೂವತ್ತು ನಲವತ್ತು ಬಿಳಿ ಹೊಟ್ಟೆ. ಇನ್ನೆಷ್ಟೋ ಮೀನುಗಳು ನಿಂತಲ್ಲೇ ಗಿರಗಿರ ತಿರುಗುತ್ತಿದ್ದವು. ಅವನೇ ಕಲಸಿದ ಔಷಧಿ, ಅವನೇ ಒಗೆದ ಮೇವು, ಅವನದೇ ಜೇಬಿನಲ್ಲಿ ಕೀಲಿ. ಮುರಗೆಪ್ಪ ಮೂಗಿನ ಟಾವೆಲು ತೆಗೆದು, ಅವಳಿಂದ ಎರಡು ಮಾರು ದೂರದಲ್ಲಿ ಕುಕ್ಕರಿಸಿದ. ಹೆಸರು ಉಳಿದ ಖುಷಿಗೆ ಸುಗಂಧಾಳ ಎದೆಯೊಳಗೆ ಹಲಗೆ ಬಾರಿಸಿದಂತೆ ಆಗುತ್ತಿತ್ತು, ಸತ್ತ ಮೀನು ನೋಡಿ ಕಣ್ಣಿನಿಂದ ನೀರು ಇಳಿಯುತ್ತಿತ್ತು. ಎರಡೂ ಒಟ್ಟಿಗೇ ಆದವು. ಅದರಲ್ಲಿ ಯಾವುದು ಹೆಚ್ಚೆಂದು ಅವಳನ್ನು ಕೇಳಿದರೂ ಹೇಳಲಾರಳು.

ಮರುದಿನ ಸಂಕ್ರಮಣ. ಬಲೆ ಎಳೆಯುವ ಅದೇ ಏಳೆಂಟು ಆಳುಗಳನ್ನು ಮುರಗೆಪ್ಪ ದಂಡೆಗೆ ಕರೆಸಿದ. ಓಣಿಯವರೂ ಸುದ್ದಿ ಹಿಡಿದು ಬಂದರು, ಅಕ್ಕುತಾಯಿ ಎಲ್ಲರಿಗಿಂತ ಮುಂದೆ ಬಂದಳು. ಈ ಹಬ್ಬದಲ್ಲಿ ಚಿಕ್ಕವರು ದೊಡ್ಡವರ ಕೈಗೆ ಕುಸುರೆಳ್ಳು ಕೊಟ್ಟು, ಕಾಲು ಮುಟ್ಟಿ, ಒಳ್ಳೆಯ ಮಾತಾಡೋಣ ಎನ್ನುವುದು ರೂಢಿ. ಅವತ್ತು ಅದು ತಿರುಗಿಬಿತ್ತು. ಅರವತ್ತು ದಾಟಿದ ಮುರಗೆಪ್ಪ ಜೇಬಿನಿಂದ ಕುಸುರೆಳ್ಳಿನ ಪೊಟ್ಟಣ ತೆಗೆದು ಸುಗಂಧಾಳ ಅಂಗೈಗೆ ಸುರಿದ.

"ಕೇಳ್ರೆಪಾ ಎಲ್ಲಾರೂ," ಎಂದ. "ಕೋಳಿ ಮಾತು ಆಡಿದಾಂವ ನಾನ. ಅದು ಸುಳ್ಳ. ಈಕಿ ಒಂದ ಹಿಡಿ ಮೇವು ಆಚೀಚಿ ಮಾಡಿಲ್ಲ. ನನ್ನ ಕೈಲೆ ಹಾಕಿದ್ರೂ ಮೀನ ಸತ್ತು. ಅಂದ ಮಾತು ಹಿಂದ ತಗೊಂಡೇನಿ." ಕುಸುರೆಳ್ಳಿನ ಮೇಲೆ ಕೀಲಿ ಇಟ್ಟ.

ಅಕ್ಕುತಾಯಿ ಬೈಯಲಿಕ್ಕೆಂದು ಕೂಡಿಟ್ಟುಕೊಂಡು ಬಂದಿದ್ದ ಮಾತುಗಳೆಲ್ಲ ಬಾಯಲ್ಲೇ ಉಳಿದವು. ಆ ಬೇಸರಕ್ಕೆ ಅವಳು ಅಳಿಯನಿಗೆ ಒಂದು ಏಟು ಹಾಕಿದಳು.

ಮುಂದಿನದನ್ನು ಸುಗಂಧಾ ಪೂನಮಳೊಡನೆ ಫೋನಿನಲ್ಲಿ ಮಾತಾಡಿ ಮಾಡಿದಳು. ಒಳಗೆ ಕುಳಿತವನನ್ನು ಔಷಧಿಯಿಂದ ಎಬ್ಬಿಸಲಾಗದಿದ್ದರೆ ಅವನು ಕುಳಿತ ಮನೆಯನ್ನೇ ಖಾಲಿ ಮಾಡಬೇಕು. ಚೆನ್ನಾಗಿ ಕಂಡ ಮೀನನ್ನೂ ಉಳಿಸಲಿಲ್ಲ, ಏಕೆಂದರೆ ರೋಗ ಅದರೊಳಗೇ ಇತ್ತು. ಎಲ್ಲವನ್ನೂ ಸುಣ್ಣ ಹಾಕಿ ಹೂತರು, ನೀರು ಖಾಲಿ ಮಾಡಿ ಹೊಂಡವನ್ನು ಬೇಸಿಗೆಯ ಬಿಸಿಲಿಗೆ ಬಿರುಕು ಬಿಡುವ ತನಕ ಒಣಗಿಸಿದರು. ಜೂನ್‌ನಲ್ಲಿ ಹೊಸ ಮರಿ ಬಂದಾಗ ಸುಗಂಧಾ ಅದನ್ನು ನೇರ ಹೊಂಡಕ್ಕೆ ಬಿಡಗೊಡಲಿಲ್ಲ. ಬೇರೆ ತೊಟ್ಟಿಯಲ್ಲಿ ಮೂರು ವಾರ ಇಟ್ಟು, ನಾಲ್ಕಾರು ಮರಿ ಸೀಳಿ, ಗಾಜಿಗೆ ಒತ್ತಿ, ಚಿಕ್ಕೋಡಿಗೆ ಒಯ್ದು ನೋಡಿದಳು. ಮೊದಲ ಗಾಡಿಯ ಮರಿಗಳಲ್ಲಿ ನೇರಳೆ ಜೀರಿಗೆ ಕಂಡಿತು. ಮುರಗೆಪ್ಪ ಗೊಣಗಿದರೂ ಅವನ್ನು ಹೊಂಡಕ್ಕೆ ಬಿಡಿಸಲಿಲ್ಲ. ಎರಡನೆಯ ಗಾಡಿಯದು ಸ್ವಚ್ಛವಿತ್ತು. ಆ ವರ್ಷದ ಚಳಿ ಬಂತು, ಹೋಯಿತು. ಹೊಂಡದಲ್ಲಿ ಒಂದೂ ಬಿಳಿ ಹೊಟ್ಟೆ ತೇಲಲಿಲ್ಲ. ಮುಂದಿನ ವರ್ಷವೂ ತೇಲಲಿಲ್ಲ.

ಸುದ್ದಿಗೆ ಕಾಲು ಬಂದವು. ಅಥಣಿಯಿಂದ, ಕಾಗವಾಡದಿಂದ, ರಾಯಬಾಗದಿಂದ ಹೊಂಡದವರು ಮೀನು ಹಿಡಿದುಕೊಂಡು ಉಗಾರಕ್ಕೆ ಬರತೊಡಗಿದರು. ಎಡ್ವರ್ಡ್ಸಿಯೆಲ್ಲಾ ಎಂಬ ಹೆಸರು ಯಾರ ನಾಲಗೆಗೂ ಹೊರಳದ್ದರಿಂದ ಎಲ್ಲರೂ ಕೇಳಿದ್ದು ಒಂದೇ: "ನಮ್ಮ ಹೊಂಡದಾಗ ಮನಿ ಅಳ್ಯಾ ಅದಾನೇನ್ ನೋಡ್ರಿ." ಮೇವಿನ ಖೋಲಿಯ ಒಂದು ಮೂಲೆಯಲ್ಲಿ ಮುರಗೆಪ್ಪ ಮೇಜು ಹಾಕಿಸಿಕೊಟ್ಟ, ಹಳೆಯ ಸೂಕ್ಷ್ಮದರ್ಶಕವೊಂದನ್ನು ಪೂನಮ ಎಲ್ಲಿಂದಲೋ ದೊರಕಿಸಿ ಕಳಿಸಿದಳು. 2016ರಲ್ಲಿ ಅಥಣಿಯಲ್ಲಿ ಮೀನು ಸಾಕುವವರ ಸಭೆ ನಡೆದಾಗ ಸುಗಂಧಾ ಮೈಕಿನ ಮುಂದೆ ನಿಂತು ಒಂದೇ ಪಾಠ ಹೇಳಿದಳು: "ಮೀನ ತೊಳಿಬ್ಯಾಡ್ರಿ. ನಾ ತೊಳದು ಕೆಟ್ಟೇನಿ. ಹೆಂಗೈತಿ ಹಂಗ ತರ್ರಿ." ಭರಮು ಕೊನೆಯ ಸಾಲಿನಲ್ಲಿ ಕುಳಿತು, ರೋಗಕ್ಕೆ ಹೆಸರು ಕೊಟ್ಟವನು ತಾನೇ ಎಂದು ಅಕ್ಕಪಕ್ಕದವರಿಗೆಲ್ಲ ಹೇಳಿದ.

ಆ ವರ್ಷದ ದೀಪಾವಳಿಯಾದ ಮೇಲೆ ಒಂದು ಬೆಳಿಗ್ಗೆ ಸುಗಂಧಾ ಮೇಜಿನ ಮುಂದೆ ಕುಳಿತಿದ್ದಳು. ಹೊರಗೆ ಮುರಗೆಪ್ಪನ ಜೀಪು ನಿಂತಿತು. ಅವನ ಬೀಗರ ಹೊಂಡದಲ್ಲಿ ಮೀನು ಸುತ್ತತೊಡಗಿದ್ದವಂತೆ. ಅವನು ಇಳಿದು ಬಂದ. ಮೂಗಿಗೆ ಟಾವೆಲು ಇರಲಿಲ್ಲ. ಎರಡೂ ಕೈಯಲ್ಲಿ ಒಂದು ಪಂಗಾಸ ಮೀನು, ಕರುಳು ಕಿವಿರು ಎಲ್ಲ ಇದ್ದ ಹಾಗೆ. ಅದರ ಬಾಯಿಂದ ರಕ್ತ ತೊಟ್ಟಿಕ್ಕಿ ಬಿಳಿ ಧೋತರದ ಮೇಲೆ ಇಳಿದಿತ್ತು. ಜೀಪಿನ ಸೀಟೂ ಕೆಂಪಾಗಿತ್ತು. ಜೀವಮಾನದಲ್ಲಿ ಅವನು ಮೀನು ಮುಟ್ಟಿದ್ದು ಅದೇ ಮೊದಲು.

ಸುಗಂಧಾ ಗಾಬರಿಯಿಂದ ಎದ್ದು, ಒರೆಸಲು ಅರಿವೆ ಹುಡುಕಿದಳು.

"ಒರಸಬ್ಯಾಡ್ರಿ," ಎಂದ ಮುರಗೆಪ್ಪ. "ಕುಂಡ್ರಿ ಸುಗಂಧಾಬಾಯಿ. ನಾ ಏನೂ ತೊಳದಿಲ್ಲ. ನೀವ ನೋಡಿ ಹೇಳ್ರಿ."

ಅವಳು ಕುಳಿತಳು. ಅವನು ಮೀನನ್ನು ಮೇಜಿನ ಮೇಲೆ ಇಟ್ಟು, ಅವಳು ಹೇಳುವುದನ್ನು ಕೇಳಲು ನಿಂತುಕೊಂಡ.